ಕೆಂಪು ಮಚ್ಚೆಗಳಿಗೆಲ್ಲ ಒಂದೇ ಹೆಸರು ಸಾಲದು

ಮಗುವಿನ ಮೈಮೇಲೆ ಕೆಂಪು ಗುರುತು ಕಂಡರೆ ನಮ್ಮ ಊರುಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, 'ಗ್ರಹಣದ ಮಚ್ಚೆ, ತಾನೇ ಹೋಗುತ್ತೆ ಬಿಡಿ'. ಇನ್ನೊಂದು, 'ಗಡ್ಡೆ ಬೆಳೀತಿದೆ, ಕ್ಯಾನ್ಸರ್ ಇರಬಹುದು'. ಮೊದಲನೆಯದು ತಡ ಮಾಡಿಸುತ್ತದೆ. ಎರಡನೆಯದು ಹೆದರಿಸಿ, ಬರೆ ಹಾಕುವವರ ಬಾಗಿಲಿಗೆ ಕಳಿಸುತ್ತದೆ.

ಒಂದು ಕಾಲದಲ್ಲಿ ವೈದ್ಯರೂ ಇಂಥ ಗುರುತುಗಳನ್ನೆಲ್ಲ 'ಹೆಮಾಂಜಿಯೋಮಾ' ಎಂದೇ ಕರೆಯುತ್ತಿದ್ದರು. 1982ರಲ್ಲಿ ಅಮೆರಿಕದ ಮಲ್ಲಿಕನ್ ಮತ್ತು ಗ್ಲೊವಾಕಿ ಇವನ್ನು ಎರಡು ಗುಂಪು ಮಾಡಿದರು. ರಕ್ತನಾಳದ ಜೀವಕೋಶಗಳು ಹೆಚ್ಚಾಗುತ್ತ ಬೆಳೆಯುವ ಗಡ್ಡೆ ಒಂದು. ನಾಳಗಳ ರಚನೆಯೇ ಏರುಪೇರಾಗಿ ಆದ ಗುರುತು ಇನ್ನೊಂದು.

ಇದರಿಂದ ನಮಗೇನು ಉಪಯೋಗ? ಮಗುವಿನ ಮುಂದಿನ ದಾರಿ ಈ ವ್ಯತ್ಯಾಸದ ಮೇಲೆ ನಿಂತಿದೆ. ಶಿಶುಗಳ ಹೆಮಾಂಜಿಯೋಮಾ ಕ್ಯಾನ್ಸರ್ ಅಲ್ಲ. ಹುಟ್ಟುವಾಗ ಸಾಮಾನ್ಯವಾಗಿ ಕಾಣುವುದಿಲ್ಲ, ಕಂಡರೂ ಸಣ್ಣ ಗುರುತಷ್ಟೆ. ಕೆಲವೇ ವಾರಗಳಲ್ಲಿ ಕೆಂಪಗೆ ಉಬ್ಬುತ್ತದೆ. ಚರ್ಮದ ಆಳದಲ್ಲಿದ್ದರೆ ನೀಲಿಯಾಗಿ ಕಾಣಬಹುದು. ಮೊದಲ ಮೂರು ತಿಂಗಳು ಬೆಳವಣಿಗೆ ಬಲು ಜೋರು. ಆಮೇಲೆ ಕೆಲವು ವರ್ಷಗಳಲ್ಲಿ ನಿಧಾನವಾಗಿ ಇಳಿಯುತ್ತದೆ. ಹುಟ್ಟುವಾಗಲೇ ಪೂರ್ತಿ ಬೆಳೆದಿರುವ ಗಡ್ಡೆ ಬೇರೆ ಜಾತಿಯದು. ಹುಟ್ಟಿನಿಂದಲೇ ಚಪ್ಪಟೆಯಾಗಿರುವ ದ್ರಾಕ್ಷಾರಸ ಬಣ್ಣದ ಕಲೆ ಗಡ್ಡೆಯೇ ಅಲ್ಲ. ಅದು ತಾನಾಗಿ ಮಾಯವಾಗುವುದೂ ಇಲ್ಲ.

ಬಹುಪಾಲು ಮಕ್ಕಳಲ್ಲಿ ಇದನ್ನು ಗುರುತಿಸಲು ದೊಡ್ಡ ಯಂತ್ರ ಬೇಕಿಲ್ಲ. ವೈದ್ಯರ ಕಣ್ಣು ಮತ್ತು ತಾಯಿಯ ಉತ್ತರ ಸಾಕು: ಯಾವಾಗ ಕಾಣಿಸಿತು? ಬೆಳೆಯುತ್ತಿದೆಯೇ? ಅನುಮಾನವಿದ್ದರೆ ಸ್ಕ್ಯಾನಿಂಗ್, ಅಪರೂಪಕ್ಕೆ ಚೂರು ತೆಗೆದು ಪರೀಕ್ಷೆ.

'ಕಾಯಿರಿ, ಹೋಗುತ್ತೆ' ಎಂಬ ಸಲಹೆ ಹಲವು ಮಕ್ಕಳಿಗೆ ಸರಿ. ಆದರೆ ಎಲ್ಲರಿಗೂ ಅದನ್ನೇ ಹೇಳುವುದನ್ನು ನಾವು ಒಪ್ಪುವುದಿಲ್ಲ. ಕಣ್ಣಿನ ಹತ್ತಿರವಿದ್ದರೆ ದೃಷ್ಟಿಗೆ ತೊಂದರೆಯಾಗಬಹುದು. ಗಲ್ಲ, ದವಡೆಯ ಸುತ್ತ ಹರಡಿದ್ದರೆ ಉಸಿರಾಟದ ದಾರಿಯಲ್ಲೂ ಇರಬಹುದು. ತುಟಿ, ಮೂಗಿನ ತುದಿಯಲ್ಲಿದ್ದರೆ, ಮುಖದಲ್ಲಿ ದೊಡ್ಡದಾಗಿದ್ದರೆ, ಹುಣ್ಣಾದರೆ ತಡ ಮಾಡಬಾರದು. ಮೈಮೇಲೆ ಐದು ಅಥವಾ ಹೆಚ್ಚು ಇದ್ದರೆ ಯಕೃತ್ತಿನ ಸ್ಕ್ಯಾನಿಂಗ್ ಬೇಕು.

ಇದಕ್ಕೆ ಔಷಧವೂ ಇದೆ. ಹೃದಯದ ತೊಂದರೆಗೆ ಕೊಡುವ ಪ್ರೊಪ್ರಾನೊಲಾಲ್ ಈ ಗಡ್ಡೆಯನ್ನು ಕುಗ್ಗಿಸುತ್ತದೆ ಎಂದು 2008ರಲ್ಲಿ ಫ್ರಾನ್ಸಿನ ವೈದ್ಯರು ವರದಿ ಮಾಡಿದರು. ಬೇಗ ಶುರುವಾದರೆ ಫಲ ಹೆಚ್ಚು. ಆದರೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ಹಾಕಬೇಡಿ. ಮಗುವಿನ ರಕ್ತದ ಸಕ್ಕರೆ, ಹೃದಯ ಬಡಿತ ಇಳಿಯಬಹುದು. ವೈದ್ಯರ ಕಣ್ಗಾವಲು ಬೇಕೇ ಬೇಕು.

ನಮ್ಮ ಒತ್ತಾಯ ಚಿಕ್ಕದು. ಹೆರಿಗೆಯಾದ 42 ದಿನಗಳೊಳಗೆ ಆಶಾ ಕಾರ್ಯಕರ್ತೆಯರು ಹಲವು ಸಲ ಮನೆಗೆ ಬರುತ್ತಾರೆ. ಆಗ 'ಮೈಮೇಲೆ ಹೊಸ ಕೆಂಪು ಗುರುತು ಇದೆಯೇ?' ಎಂದು ಕೇಳಿ ತಾಯಿ ಕಾರ್ಡಿನಲ್ಲಿ ಬರೆಯಲಿ. ಇದಕ್ಕೆ ಹೊಸ ಖರ್ಚಿಲ್ಲ. ಜಿಲ್ಲಾ ಆಸ್ಪತ್ರೆಗೆ ಯಾರು ಬೇಗ ಹೋಗಬೇಕು, ಯಾರು ಕಾಯಬಹುದು ಎಂಬುದು ಅಲ್ಲೇ ಗೊತ್ತಾಗುತ್ತದೆ.

ನೀವೂ ಒಂದು ಕೆಲಸ ಮಾಡಿ. ಗುರುತು ಕಂಡ ದಿನವೇ ಫೋನಿನಲ್ಲಿ ಫೋಟೊ ತೆಗೆಯಿರಿ, ವಾರಕ್ಕೊಂದು ಸಲ ಮತ್ತೆ ತೆಗೆಯಿರಿ. ಮಗುವಿಗೆ ತಿಂಗಳು ತುಂಬುವುದರೊಳಗೆ ಮಕ್ಕಳ ವೈದ್ಯರಿಗೆ ತೋರಿಸಿ. ಗ್ರಹಣ ಯಾವತ್ತು ಹಿಡಿದಿತ್ತು ಎಂಬುದು ಅವರಿಗೆ ಬೇಕಿಲ್ಲ. ಗುರುತು ಯಾವತ್ತು ಕಂಡಿತು ಎಂಬುದು ಬೇಕು.