ಸಹನೆಯ ಹೆಸರಿನಲ್ಲಿ ನೋವನ್ನು ಹೇರದಿರಿ

ಕ್ಯಾನ್ಸರ್ ಪೀಡಿತ ತಂದೆ ರಾತ್ರಿಯಿಡೀ ನರಳುತ್ತಿರುತ್ತಾರೆ. ವೈದ್ಯರು ಬರೆದುಕೊಟ್ಟ ಮಾರ್ಫಿನ್ ಮಾತ್ರೆ ಕಪಾಟಿನಲ್ಲೇ ಉಳಿದಿರುತ್ತದೆ. ಅದು ಅಮಲು, ಅದು ಹರಾಮ್ ಎಂಬ ಭಯ. ಬಂದುಹೋಗುವವರೆಲ್ಲ ಸಬ್ರ್‌ನ ಉಪದೇಶ ನೀಡುತ್ತಾರೆ.

ಇದು ಯಾವ ಸಹನೆ? ಸಹನೆಗೆ ಮಾದರಿಯಾದ ಪ್ರವಾದಿ ಅಯ್ಯೂಬ್(ಅ)ರೇ ತಮ್ಮ ಸಂಕಟವನ್ನು ಪ್ರಭುವಿನ ಮುಂದೆ ತೋಡಿಕೊಂಡರೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಚಿಕಿತ್ಸೆ ಪಡೆಯಿರೆಂದು ಪ್ರವಾದಿ(ಸ)ರು ಬೋಧಿಸಿದ್ದಾರೆ. ನೋವಿನ ಶಮನವೂ ಚಿಕಿತ್ಸೆಯೇ. ಅನಿವಾರ್ಯತೆಯು ನಿಷಿದ್ಧವನ್ನೂ ಅನುಮತಿಸುತ್ತದೆ ಎಂಬುದು ಫಿಕ್‌ಹ್‌ನ ಪ್ರಸಿದ್ಧ ನಿಯಮ. ವೈದ್ಯರ ಅಳತೆಯಲ್ಲಿ ನೀಡುವ ಮಾರ್ಫಿನ್ ಮೋಜಿನ ಅಮಲಲ್ಲ. ಕ್ಯಾನ್ಸರ್‌ನ ತೀವ್ರ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಅದನ್ನು ಸೂಚಿಸಿದೆ.

ಉಪಶಮನ ಆರೈಕೆಯೆಂದರೆ ಸಾವಿಗೆ ಕಾಯುವುದಲ್ಲ. ಅದು ಚಿಕಿತ್ಸೆಯ ಜೊತೆಗೇ ಆರಂಭವಾಗಬಹುದು, ದಣಿದ ಕುಟುಂಬಕ್ಕೂ ಆಸರೆಯಾಗಬಲ್ಲದು. 1993ರಲ್ಲಿ ಕೋಝಿಕ್ಕೋಡ್‌ನಲ್ಲಿ ಹುಟ್ಟಿದ ಇಂತಹ ಪ್ರಯತ್ನವು ನೆರೆಹೊರೆಯ ಸ್ವಯಂಸೇವಕರ ಚಳವಳಿಯಾಗಿ ಮಲಪ್ಪುರಂನ ಮನೆಗಳನ್ನೂ ತಲುಪಿತು. ನಮ್ಮ ಜಮಾಅತ್‌ಗಳಿಗೇಕೆ ಇದು ಅಸಾಧ್ಯ?

ಜನಾಝಕ್ಕೆ ಹೆಗಲು ಕೊಡಲು ನಾವು ಮುಗಿಬೀಳುತ್ತೇವೆ. ಅದಕ್ಕೂ ಮೊದಲಿನ ನೋವಿಗೆ ಹೆಗಲು ಕೊಡುವವರು ಯಾರು?