ತಂತಿಯನ್ನೇ ಕೇಳಬೇಕು

ವಯಸ್ಸಾದವರಲ್ಲಿ ಒಂದು ವಿಚಿತ್ರವಾದ ಔದಾರ್ಯವುಂಟು. ಮನೆಯಲ್ಲಿ ಏನೇ ಕೆಟ್ಟರೂ ಅದರ ಹೊಣೆಯನ್ನು ಮೊದಲು ತಮ್ಮ ಮೇಲೆ ಹೊತ್ತುಕೊಳ್ಳುತ್ತಾರೆ. ದೀಪ ಮಂಕಾದರೆ ಕಣ್ಣು ಮಂಜಾಯಿತೆನ್ನುತ್ತಾರೆ. ಸಾರಿಗೆ ಉಪ್ಪು ಕಡಿಮೆಯಾದರೆ ನಾಲಗೆಯ ರುಚಿ ಕೆಟ್ಟಿತೆನ್ನುತ್ತಾರೆ. ನಮ್ಮ ತಂದೆಯವರು ತಮ್ಮ ಕಿವಿ ಹೋಯಿತೆಂದುಕೊಂಡದ್ದೂ ಹೀಗೆಯೇ. ಅದಕ್ಕೆ ಕಾರಣವಾದದ್ದು ಗೇಣುದ್ದದ ಎರಡು ತಂತಿಗಳು.

ನಮ್ಮದು ಹಳೆಯ ಸಣ್ಣ ಕಾರು. ಮುಂದಿನ ಬಾಗಿಲುಗಳಲ್ಲಿ ಒಂದೊಂದು ಸ್ಪೀಕರು. ಹಿಂದೆ ಯಾವುದೂ ಇಲ್ಲ. ಅದರೊಡನೆ ಬಂದಿದ್ದ ರೇಡಿಯೋ ಮೂಕವಾದ ಮೇಲೆ, ಫೋನಿನಿಂದಲೂ ಹಾಡು ಕೇಳಿಸಬಲ್ಲ ಹೊಸ ಸ್ಟೀರಿಯೋ ಸೆಟ್ಟೊಂದನ್ನು ಕೊಂಡು, ಅಂಗಡಿಯಲ್ಲಿಯೇ ಕೂಡಿಸಿಕೊಂಡು ಬಂದೆ. ಮುಂದಿನ ಭಾನುವಾರ ತಂದೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೈಸೂರಿನಿಂದ ಮೇಲುಕೋಟೆಗೆ ಹೊರಟು, ಅವರಿಗೆ ಪ್ರಿಯವಾದ ಒಂದು ಕಚೇರಿಯನ್ನು ಹಾಕಿದೆ. ಗಾಯಕರ ಧ್ವನಿ ಎಲ್ಲಿಂದ ಬರುತ್ತಿದೆಯೆಂದು ಹೇಳಲಾಗದಂತೆ ಚೆದರಿಹೋಗಿತ್ತು. ಮೃದಂಗದ ಬಲಗಡೆಯ ಚಾಪು ಕೇಳುತ್ತಿತ್ತು; ಎಡಗಡೆಯ ತೊಪ್ಪಿಯ ಗುಮ್ಕಿ ಮಾತ್ರ ಮಾಯವಾಗಿತ್ತು.

ತಂದೆಯವರು ಸ್ವಲ್ಪ ಹೊತ್ತು ಕೇಳಿ, “ಸಾಕು, ನಿಲ್ಲಿಸಪ್ಪ. ನನ್ನ ಕಿವಿಗೆ ಈಗ ತೊಪ್ಪಿ ಕೇಳೋದಿಲ್ಲ. ವಯಸ್ಸಾಯ್ತು” ಎಂದರು. ಸೆಟ್ಟು ಅಗ್ಗದ್ದು, ಅದರ ಯೋಗ್ಯತೆಯೇ ಅಷ್ಟು ಎಂದು ನಾನು ಸಮಾಧಾನ ಹೇಳಿದೆ. ಅವರು ನಂಬಲಿಲ್ಲ. ಆಮೇಲೆ ಒಂದು ತಿಂಗಳು ಕಾರಿನಲ್ಲಿ ಹಾಡು ಬೇಕೆನ್ನಲಿಲ್ಲ. ಮನೆಯ ಪುಟ್ಟ ರೇಡಿಯೋದ ಬಳಿ ಕೂರುವುದನ್ನೂ ಬಿಟ್ಟರು. ಕಿವಿಯ ವೈದ್ಯರಲ್ಲಿಗೆ ಹೋಗೋಣವೆಂದರೆ, “ಯಾಕೆ ದುಡ್ಡು ದಂಡ?” ಎಂದರು.

ಹೀಗಿರಲು, ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಮಿತ್ರರೊಬ್ಬರು ಒಂದು ಸಂಜೆ ನನ್ನ ಕಾರಿನಲ್ಲಿ ಬಂದರು. ಅದೇ ಕಚೇರಿಯನ್ನು ಎರಡು ನಿಮಿಷ ಕೇಳಿ, ಸದ್ದನ್ನು ಪೂರ್ತಿಯಾಗಿ ಬಲಬಾಗಿಲಿನ ಸ್ಪೀಕರಿಗೆ ತಿರುಗಿಸಿದರು. ತೊಪ್ಪಿ ಕೇಳಿಸಿತು! ಎಡಬಾಗಿಲಿಗೆ ತಿರುಗಿಸಿದರು; ಆಗಲೂ ಕೇಳಿಸಿತು. ಎರಡನ್ನೂ ಸಮ ಮಾಡಿದೊಡನೆ ಮತ್ತೆ ಮಾಯ.

“ಮೇಷ್ಟ್ರೆ, ಸ್ಪೀಕರು ಎರಡೂ ಚೆನ್ನಾಗಿವೆ. ಆದರೆ ಒಂದಕ್ಕೊಂದು ಜಗಳವಾಡ್ತಾ ಇವೆ” ಎಂದರು.

ಜಗಳದ ಮೂಲವನ್ನೂ ಅವರೇ ವಿವರಿಸಿದರು. ಸ್ಪೀಕರಿನ ಒಳಗಿನ ಶಂಕು ಮುಂದಕ್ಕೂ ಹಿಂದಕ್ಕೂ ಅಲುಗಿ ಗಾಳಿಯನ್ನು ತಳ್ಳುತ್ತದೆ, ಸೆಳೆಯುತ್ತದೆ. ಪ್ರತಿಯೊಂದು ಸ್ಪೀಕರಿಗೂ ಎರಡು ತಂತಿ: ಒಂದು ಧನ, ಒಂದು ಋಣ. ಒಂದು ಬಾಗಿಲಿನಲ್ಲಿ ಮಾತ್ರ ಇವು ಅದಲುಬದಲಾದರೆ, ಒಂದು ಶಂಕು ತಳ್ಳುವಾಗ ಮತ್ತೊಂದು ಸೆಳೆಯುತ್ತದೆ. ಎತ್ತರದ ಸ್ವರಗಳಿಗೆ ಇದರಿಂದ ಅಷ್ಟು ಹಾನಿಯಿಲ್ಲ. ತಗ್ಗಿನ ನಾದಗಳು ಒಂದನ್ನೊಂದು ಕಳೆದುಬಿಡುತ್ತವೆ. ತಮಾಷೆಯೆಂದರೆ, ಎರಡು ಬಾಗಿಲುಗಳಲ್ಲಿಯೂ ತಪ್ಪಾಗಿದ್ದರೆ ಯಾರಿಗೂ ತಿಳಿಯುತ್ತಲೇ ಇರಲಿಲ್ಲ. ಒಂದು ಸರಿ, ಒಂದು ತಪ್ಪು ಆದದ್ದೇ ನಮ್ಮ ಗ್ರಹಚಾರ.

ತಪ್ಪಾದದ್ದಾದರೂ ಹೇಗೆ? ಬಿಡಿಯಾಗಿ ಮಾರುವ ಸೆಟ್ಟುಗಳ ತಂತಿಗಳಿಗೆ ಬಹುಮಟ್ಟಿಗೆ ಒಂದೇ ವರ್ಣಕ್ರಮವುಂಟು. ಮುಂದಿನ ಎಡಕ್ಕೆ ಬಿಳಿ, ಮುಂದಿನ ಬಲಕ್ಕೆ ಬೂದು, ಹಿಂದಿನ ಎಡಕ್ಕೆ ಹಸಿರು, ಹಿಂದಿನ ಬಲಕ್ಕೆ ನೇರಳೆ. ಬರಿಯ ಬಣ್ಣದ ತಂತಿ ಧನ. ಅದೇ ಬಣ್ಣದ ಮೇಲೆ ಕಪ್ಪು ಗೆರೆಯಿದ್ದರೆ ಋಣ. ಆದರೆ ಕಾರಿನಿಂದ ಬರುವ ತಂತಿಗಳು ಈ ವ್ಯಾಕರಣಕ್ಕೆ ಒಳಪಟ್ಟವಲ್ಲ. ಒಂದೊಂದು ಕಂಪೆನಿಗೆ ಒಂದೊಂದು ಬಣ್ಣ. ಒಂದೇ ಕಂಪೆನಿಯ ಎರಡು ಮಾದರಿಗಳಿಗೂ ಬೇರೆ ಬೇರೆ ಇರಬಹುದು. ನಮ್ಮ ಕಾರಿನ ತಂತಿಗಳಲ್ಲಿ ಗೆರೆಯೇ ಇರಲಿಲ್ಲ. ಅಂಗಡಿಯವರು ಊಹಿಸಿದ್ದರು. ಎರಡು ಊಹೆಗಳಲ್ಲಿ ಒಂದು ಸುಳ್ಳಾಗಿತ್ತು.

“ಬಣ್ಣವನ್ನು ನಂಬಬೇಡಿ, ತಂತಿಯನ್ನೇ ಕೇಳಿ” ಎಂದು ಮಿತ್ರರು ಗೋಡೆಗಡಿಯಾರದ ಸೆಲ್ಲೊಂದನ್ನು ತರಿಸಿದರು; 1.5 ವೋಲ್ಟಿನದು. ಮೊದಲು ಕಾರಿನ ಬ್ಯಾಟರಿಯ ಋಣ ತಂತಿಯನ್ನು ಕಳಚಿದೆವು. ಬಳಿಕ ಸೆಟ್ಟನ್ನು ಹೊರಕ್ಕೆಳೆದು ಅದರಿಂದ ಸ್ಪೀಕರಿನ ತಂತಿಗಳನ್ನೆಲ್ಲ ಬಿಡಿಸಿದೆವು. ಮಲ್ಟಿಮೀಟರಿನಿಂದ ಜೋಡಿಗಳನ್ನು ಗುರುತಿಸಿದೆವು: 4 ಓಮಿನ ಸ್ಪೀಕರಿನ ಎರಡು ತುದಿಗಳ ನಡುವೆ ಮೀಟರು ಸಾಮಾನ್ಯವಾಗಿ ಮೂರಕ್ಕೂ ನಾಲ್ಕಕ್ಕೂ ನಡುವಿನ ಅಂಕಿ ತೋರಿಸುತ್ತದೆ, ಜೋಡಿಯಲ್ಲದ ತಂತಿಗಳ ನಡುವೆ ಸಂಪರ್ಕವನ್ನೇ ತೋರಿಸುವುದಿಲ್ಲ. ಆಮೇಲೆ ಒಂದು ಜೋಡಿಯನ್ನು ಸೆಲ್ಲಿನ ಎರಡು ತುದಿಗಳಿಗೆ ಕ್ಷಣಕಾಲ ಮುಟ್ಟಿಸಿದಾಗ ಎಡಬಾಗಿಲಿನಲ್ಲಿ ‘ಟಪ್’ ಎಂದಿತು. ಯಾವ ಜೋಡಿ ಯಾವ ಬಾಗಿಲಿನದೆಂದು ತಿಳಿಯಲು ಅಷ್ಟು ಸಾಕು. ಧನವನ್ನು ತಿಳಿಯಲು ಸ್ಪೀಕರಿನ ಜಾಲರಿಯನ್ನು ತೆಗೆದು ನೋಡಬೇಕು. ಮುಟ್ಟಿಸಿದೊಡನೆ ಶಂಕು ಹೊರಕ್ಕೆ ಚಿಮ್ಮಿದರೆ, ಸೆಲ್ಲಿನ ಧನಕ್ಕೆ ತಗುಲಿದ ತಂತಿಯೇ ಸ್ಪೀಕರಿನ ಧನ. ಒಳಕ್ಕೆ ಸೆಳೆದರೆ ಅದು ಋಣ. ಸಿಕ್ಕ ಧನದ ತುದಿಗೆ ಕೆಂಪು ಟೇಪು ಸುತ್ತಿ ಮುಂದಿನದಕ್ಕೆ ಹೋದೆವು.

ಈ ಕೆಲಸಕ್ಕೆ ಕೈಹಾಕುವ ಗೃಹಸ್ಥರು ಕೆಲವು ಎಚ್ಚರಿಕೆಗಳನ್ನು ಮನಸ್ಸಿನಲ್ಲಿಡಬೇಕು. ಕಾರಿನ 12 ವೋಲ್ಟಿನ ಬ್ಯಾಟರಿಯನ್ನು ಸ್ಪೀಕರಿಗೆ ಎಂದಿಗೂ ಮುಟ್ಟಿಸಕೂಡದು. ಅದರ ಸುರುಳಿ ಸುಟ್ಟುಹೋದೀತು. ಹಳದಿ ಕವಚದ ಅಥವಾ ಹಳದಿ ಕೊಂಡಿಯ ತಂತಿಗಳು ಏರ್‌ಬ್ಯಾಗಿನವಾಗಿರಬಹುದು. ಅವುಗಳ ತಂಟೆ ಬೇಡ, ಸೆಲ್ಲನ್ನಂತೂ ಹತ್ತಿರ ತರಬೇಡಿ. ಈಚಿನ ಸೆಟ್ಟುಗಳು ಸ್ಪೀಕರಿನ ಎರಡು ತಂತಿಗಳಿಗೂ ಶಕ್ತಿಯನ್ನು ಕಳಿಸುತ್ತವೆ. ಆದ್ದರಿಂದ ಋಣವೆಂದು ಅದನ್ನು ಕಾರಿನ ಮೈಗೆ ಕಟ್ಟಿದರೆ ಸೆಟ್ಟೇ ಹಾಳಾದೀತು. ನಮ್ಮ ಕಾರಿನಂತೆ ಹಿಂದೆ ಸ್ಪೀಕರು ಇಲ್ಲದಿದ್ದರೆ, ಉಳಿದ ಹಸಿರು ಮತ್ತು ನೇರಳೆ ತಂತಿಗಳ ತುದಿಗಳಿಗೆ ಬೇರೆ ಬೇರೆಯಾಗಿ ಟೇಪು ಸುತ್ತಬೇಕು. ಪ್ರತ್ಯೇಕ ಆಂಪ್ಲಿಫೈಯರ್ ಇರುವ ಕಾರುಗಳಲ್ಲಿ ಈ ಸೆಲ್ಲಿನ ಪರೀಕ್ಷೆ ನಡೆಯದು. ಅಲ್ಲಿ ಬಲ್ಲವರನ್ನೇ ಕರೆಯುವುದು ಮೇಲು.

ಎಡಬಾಗಿಲಿನ ಎರಡು ತಂತಿಗಳನ್ನು ಅದಲುಬದಲು ಮಾಡಿ ಕಟ್ಟಲು ಐದು ನಿಮಿಷವೂ ಹಿಡಿಯಲಿಲ್ಲ. ಅದಕ್ಕಾಗಿ ತಂದೆಯವರು ಒಂದು ತಿಂಗಳು ಸಂಗೀತವಿಲ್ಲದೆ ಕಳೆದಿದ್ದರು.

ಮತ್ತೊಂದು ಭಾನುವಾರ ಮೇಲುಕೋಟೆಗೆ ಹೊರಟೆವು. ದುರಸ್ತಿಯ ಸಂಗತಿಯನ್ನು ನಾನು ಹೇಳಿರಲಿಲ್ಲ. ಅವರನ್ನು ಕೇಳದೆಯೇ ಅದೇ ಕಚೇರಿಯನ್ನು ಹಾಕಿದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು. ಶ್ರೀರಂಗಪಟ್ಟಣ ದಾಟುವ ವೇಳೆಗೆ ಅವರ ಬಲಗೈ ತೊಡೆಯ ಮೇಲೆ ತಾಳ ಹಾಕತೊಡಗಿತ್ತು. ತನಿಯಾವರ್ತನ ಬಂದಾಗ ನನ್ನ ಕಡೆ ತಿರುಗಿ, “ಈವತ್ತು ಮೃದಂಗದವರು ಬಂದಿದಾರೆ ಕಣೋ!” ಎಂದರು.

ಆಗ ತಂತಿಯ ಕಥೆಯನ್ನೆಲ್ಲ ಹೇಳಿದೆ. ಎಲ್ಲವನ್ನೂ ಕೇಳಿ, “ಹಾಗಾದರೆ ನನ್ನ ಕಿವಿ ಸರಿಯಾಗಿದೆ ಅನ್ನು” ಎಂದು ಒಮ್ಮೆ ನಕ್ಕು, ಸದ್ದನ್ನು ಇನ್ನಷ್ಟು ಏರಿಸಲು ಹೇಳಿದರು.