ಹಳೆಯ ಕಾರಿನ ಕ್ಲಚ್ಚು: ನಿದಾನವೂ ಚಿಕಿತ್ಸೆಯೂ



ರೋಗವನ್ನರಿಯದೆ ಔಷಧವನ್ನು ಕೊಡುವ ವೈದ್ಯನನ್ನು ನಮ್ಮ ಪೂರ್ವಿಕರು ಒಪ್ಪಿದವರಲ್ಲ. ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂಬ ಐದು ಉಪಾಯಗಳಿಂದ ವ್ಯಾಧಿಯನ್ನು ನಿಶ್ಚಯಿಸಿದ ತರುವಾಯವೇ ಚಿಕಿತ್ಸೆಗೆ ತೊಡಗತಕ್ಕದ್ದೆಂಬುದು ಆಯುರ್ವೇದದ ಮತ. ಮನುಷ್ಯ ಶರೀರಕ್ಕೆ ಹೇಳಿದ ಈ ಕ್ರಮವು ಮನೆಯ ಮುಂದೆ ನಿಂತಿರುವ ಹಳೆಯ ಕಾರಿಗೂ ಸಲ್ಲುವುದು. ಈ ತಿಂಗಳು ಅಂತಹ ಕಾರುಗಳ ಕ್ಲಚ್ಚಿನ ವಿಷಯವನ್ನು ವಿಚಾರ ಮಾಡೋಣ.

ಬಿಡದಿಯಲ್ಲಿ 2000ದಿಂದ 2005ರವರೆಗೆ ತಯಾರಾದ ಟೊಯೋಟಾ ಕ್ವಾಲಿಸ್ ಗಾಡಿಯನ್ನು ದೃಷ್ಟಾಂತವಾಗಿ ಇಟ್ಟುಕೊಳ್ಳಬಹುದು. ಅದರ ಕ್ಲಚ್ಚು ತಂತಿಯಿಂದ ಎಳೆಯುವಂಥದಲ್ಲ. ದ್ರವದ ಒತ್ತಡದಿಂದ ನಡೆಯುವಂಥದು. ಈ ಗಾಡಿಯನ್ನೇ ನಂಬಿ ಬಾಡಿಗೆಗೆ ಓಡಿಸಿ ಸಂಸಾರವನ್ನು ಸಾಗಿಸುವವರುಂಟು. ಶಿವಮೊಗ್ಗದಿಂದ ತೀರ್ಥಹಳ್ಳಿಯ ಮಾರ್ಗವಾಗಿ ಮಣಿಪಾಲದ ಆಸ್ಪತ್ರೆಗೆ ರೋಗಿಯನ್ನು ಕರೆದೊಯ್ಯುವಾಗ ಆಗುಂಬೆಯ ಘಾಟಿಯ 14 ತಿರುವುಗಳ ನಡುವೆ ಗೇರು ಬೀಳದೆ ಹೋದರೆ ಆಗುವ ಸಂಕಟವನ್ನು ವರ್ಣಿಸಬೇಕಾಗಿಲ್ಲ. ಆದಕಾರಣ ಗೃಹಸ್ಥರು ಈ ಯಂತ್ರದ ಮರ್ಮವನ್ನು ಇಷ್ಟಾದರೂ ತಿಳಿದಿರುವುದು ಒಳ್ಳೆಯದು.

ಮೊದಲು ಅದರ ಸ್ವಭಾವ. ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುವುದೆಂದು ಫ್ರಾನ್ಸ್ ದೇಶದ ಪಾಸ್ಕಲ್ ಎಂಬ ಪಂಡಿತನು ನಿರೂಪಿಸಿದನು. ಆತನ ಆ ಪ್ರಬಂಧವು ಅವನ ಮರಣಾನಂತರ 1663ರಲ್ಲಿ ಪ್ರಕಟವಾಯಿತು. ಕಾಲಿನಿಂದ ಪೆಡಲನ್ನು ಒತ್ತಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನು ಬ್ರೇಕ್ ಆಯಿಲನ್ನು ನೂಕುತ್ತದೆ. ಆ ಆಯಿಲು ಸಣ್ಣ ಕೊಳವೆಯ ಮೂಲಕ ಹೋಗಿ ಗೇರ್ ಬಾಕ್ಸಿನ ಬಳಿಯ ಸ್ಲೇವ್ ಸಿಲಿಂಡರಿನ ಪಿಸ್ಟನ್ನನ್ನು ನೂಕುತ್ತದೆ. ಅದರ ಮುಂದಿನ ಕಡ್ಡಿಯು ಕವೆಯನ್ನು ಚಲಿಸಿ ಎಂಜಿನ್ನಿಗೂ ಗೇರ್ ಬಾಕ್ಸಿಗೂ ಇರುವ ಸಂಬಂಧವನ್ನು ಬಿಡಿಸುತ್ತದೆ. ದ್ರವವು ಕುಗ್ಗುವುದಿಲ್ಲವೆಂಬ ಒಂದೇ ಗುಣದ ಮೇಲೆ ಈ ವ್ಯವಸ್ಥೆಯೆಲ್ಲ ನಿಂತಿದೆ. ಗಾಳಿಯಾದರೋ ಕುಗ್ಗುವುದು. ಕೊಳವೆಯಲ್ಲಿ ಗಾಳಿ ಸೇರಿದರೆ ಕಾಲಿನ ಶ್ರಮವು ಗಾಳಿಯನ್ನು ಕುಗ್ಗಿಸುವುದರಲ್ಲಿಯೇ ವ್ಯಯವಾಗಿ, ಕಡ್ಡಿಗೆ ತಲಪುವುದು ಅಲ್ಪ.

ಇನ್ನು ಪೂರ್ವರೂಪ. ರಿವರ್ಸ್ ಗೇರು ಹಾಕುವಾಗ ಕರಕರನೆ ಶಬ್ದವಾಗುವುದು ಅನೇಕ ಗಾಡಿಗಳಲ್ಲಿ ಮೊದಲ ಸೂಚನೆ. ಕ್ಲಚ್ಚನ್ನು ಪೂರ್ತಿ ಒತ್ತಿದ್ದರೂ ಗಾಡಿ ಮೆಲ್ಲನೆ ಮುಂದಕ್ಕೆ ತೆವಳುವುದು ಎರಡನೆಯದು. ಆಯಿಲಿನ ಡಬ್ಬಿಯಲ್ಲಿ ಮಟ್ಟ ಇಳಿಯುವುದು ಮೂರನೆಯದು. ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಬ್ರೇಕಿನ ಪ್ಯಾಡುಗಳು ಸವೆದರೆ ಬ್ರೇಕಿನ ಡಬ್ಬಿಯಲ್ಲಿ ಮಟ್ಟವು ತಾನಾಗಿಯೇ ಸ್ವಲ್ಪ ಇಳಿಯುವುದು ಸಹಜ. ಆದರೆ ತಾನಾಗಿಯೇ ಹೊಂದಿಕೊಳ್ಳುವ ಸ್ಲೇವ್ ಸಿಲಿಂಡರುಳ್ಳ ಗಾಡಿಯಲ್ಲಿ ಕ್ಲಚ್ ಪ್ಲೇಟು ಸವೆದಂತೆಲ್ಲ ಪಿಸ್ಟನ್ನು ಹಿಂದಕ್ಕೆ ಸರಿಯುವುದರಿಂದ ಕ್ಲಚ್ಚಿನ ಡಬ್ಬಿಯ ಮಟ್ಟವು ಏರುವುದೇ ಹೊರತು ಇಳಿಯಲಾರದು. ಅದು ಇಳಿಯಿತೆಂದರೆ ಎಲ್ಲಿಯೋ ಸೋರುತ್ತಿದೆಯೆಂದೇ ಅರ್ಥ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಈ ಊಹೆಯೂ ನಿರ್ದುಷ್ಟವಾದದ್ದು. ಮತ್ತೆ ಮತ್ತೆ ಆಯಿಲು ತುಂಬಿಸಿ ಸುಮ್ಮನಾಗುವುದು ಸರಿಯಲ್ಲ. ಕೆಲವು ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿಯಿರುವುದು. ಅಲ್ಲಿ ಕ್ಲಚ್ಚಿನ ಸೋರಿಕೆಯು ಪ್ರಾಣಕ್ಕೆ ಸಂಬಂಧಿಸಿದ ವಿಷಯ.

ರೂಪವನ್ನೂ ಉಪಶಯವನ್ನೂ ಒಟ್ಟಿಗೆ ಪರೀಕ್ಷಿಸುವುದು ಸುಲಭ. ಪೆಡಲು ಸ್ಪಂಜಿನಂತೆ ಮೆತ್ತಗಿದ್ದು, ನಾಲ್ಕಾರು ಸಲ ಬೇಗಬೇಗನೆ ತುಳಿದಾಗ ಗಟ್ಟಿಯಾಗಿ ಗೇರು ಸಲೀಸಾಗಿ ಬಿದ್ದರೆ, ಕೊಳವೆಯಲ್ಲಿ ಗಾಳಿ ಸೇರಿರುವ ಸಂಭವವೇ ಹೆಚ್ಚು. ಒತ್ತಿ ಹಿಡಿದಿರುವಂತೆಯೇ ಪೆಡಲು ಮೆಲ್ಲಮೆಲ್ಲನೆ ಕೆಳಗಿಳಿದರೆ, ಹೊರಗೆಲ್ಲಿಯೂ ತೇವ ಕಾಣದಿದ್ದರೆ, ಮಾಸ್ಟರ್ ಸಿಲಿಂಡರಿನೊಳಗಣ ರಬ್ಬರ್ ಕಪ್ಪು ಸವೆದು ಆಯಿಲು ಅದನ್ನು ದಾಟಿ ಹಿಂದಕ್ಕೆ ಹೋಗುತ್ತಿದೆಯೆಂದು ತಿಳಿಯತಕ್ಕದ್ದು. ತೇವವನ್ನು ಹುಡುಕಬೇಕಾದ ಸ್ಥಳಗಳು ಮೂರು: ಪೆಡಲಿನ ಮೇಲ್ಭಾಗದಲ್ಲಿ ಕಡ್ಡಿಯು ಮಾಸ್ಟರ್ ಸಿಲಿಂಡರನ್ನು ಹೊಕ್ಕ ಜಾಗ, ಕೊಳವೆಯ ಜೋಡಣೆಗಳು, ಮತ್ತು ಸ್ಲೇವ್ ಸಿಲಿಂಡರಿನ ತುದಿಯ ರಬ್ಬರ್ ಮುಸುಕು.

ಎಂಜಿನ್ನು ಮೊರೆದರೂ ಗಾಡಿ ಏರು ಹತ್ತದಿರುವುದು ಬೇರೆಯೇ ರೋಗ. ಸಾಮಾನ್ಯವಾಗಿ ಅದು ಪ್ಲೇಟು ಸವೆದುದರ ಲಕ್ಷಣ. ಆದರೂ ಹಳೆಯ ರಬ್ಬರ್ ಹೋಸು ಒಳಗೆ ಊದಿಕೊಂಡು ಆಯಿಲನ್ನು ಹಿಂದಿರುಗಗೊಡದಿದ್ದಾಗಲೂ ಹೀಗಾಗುವುದುಂಟು. ಗಾಳಿ ತೆಗೆಯುವ ಸ್ಕ್ರೂವನ್ನು ಸಡಿಲಿಸಿದೊಡನೆ ಆಯಿಲು ಚಿಮ್ಮಿ ಕ್ಲಚ್ಚು ಹಿಡಿದುಕೊಂಡರೆ ದೋಷವು ಪ್ಲೇಟಿನದಲ್ಲ, ದ್ರವಮಾರ್ಗದ್ದು.

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಒಂದಿದೆ. ತರ್ಕಶಾಸ್ತ್ರದಲ್ಲಿ ಇದನ್ನು ಅನ್ವಯವ್ಯತಿರೇಕವೆನ್ನುತ್ತಾರೆ. ಎಂಜಿನ್ನನ್ನು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟು, ಒಬ್ಬರು ಪೆಡಲನ್ನು ಒತ್ತಲಿ. ಇನ್ನೊಬ್ಬರು ಸ್ಲೇವ್ ಸಿಲಿಂಡರಿನ ಕಡ್ಡಿಯ ಚಲನೆಯನ್ನು ನೋಡಲಿ. ಕಡ್ಡಿ ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟು ಚಲಿಸಿಯೂ ಗೇರು ಬೀಳದಿದ್ದರೆ ದೋಷವು ಒಳಗಿನ ಪ್ಲೇಟು, ಬೇರಿಂಗು, ಕವೆಗಳಲ್ಲಿದೆ. ಕಡ್ಡಿಯೇ ಸರಿಯಾಗಿ ಚಲಿಸದಿದ್ದರೆ ದೋಷವು ಸಿಲಿಂಡರು, ಕೊಳವೆ, ಆಯಿಲುಗಳಲ್ಲಿದೆ. ಮೊದಲನೆಯದಕ್ಕೆ ಗೇರ್ ಬಾಕ್ಸನ್ನು ಇಳಿಸಲೇಬೇಕು, ಎರಡನೆಯದಕ್ಕೆ ಬೇಕಾಗಿಲ್ಲ. ಈ ಎರಡರ ಖರ್ಚಿಗೆ ಇರುವ ಅಂತರವು ಅಜಗಜಾಂತರ.

ಭದ್ರಾವತಿಯಲ್ಲಿ ಬಾಡಿಗೆ ಗಾಡಿಯಿಂದ ಜೀವಿಸುವ ಒಬ್ಬ ಗೃಹಸ್ಥರಿಗೆ ಪ್ಲೇಟನ್ನೇ ಬದಲಿಸಬೇಕೆಂದು ಯಾರೋ ಹೇಳಿದ್ದರು. ಮಗಳ ಶಾಲೆಯ ಶುಲ್ಕಕ್ಕೆಂದು ಕೂಡಿಟ್ಟ ಹಣವನ್ನೇ ತೆಗೆಯಬೇಕಾಗಿತ್ತು. ಆ ಮಗಳೇ ಟಾರ್ಚು ಹಿಡಿದು ಬಗ್ಗಿ ನೋಡಿ, “ಅಪ್ಪಾ, ಕಡ್ಡಿ ಅಲುಗಾಡುವುದೇ ಇಲ್ಲ, ಅದರ ಸುತ್ತ ಎಲ್ಲ ಒದ್ದೆಯಾಗಿದೆ” ಎಂದಳಂತೆ. ಸ್ಲೇವ್ ಸಿಲಿಂಡರಿನ ಒಂದು ರಬ್ಬರ್ ಕಪ್ಪು ಹರಿದಿತ್ತು. ಅದನ್ನು ಬದಲಿಸಿದೊಡನೆ ಗಾಡಿ ನಡೆಯಿತು, ಶುಲ್ಕದ ಹಣವೂ ಉಳಿಯಿತು.

ಸಂಪ್ರಾಪ್ತಿಯನ್ನೂ, ಅಂದರೆ ರೋಗವು ಬೆಳೆದ ಬಗೆಯನ್ನೂ ಹೇಳಬೇಕು. ಡಾಟ್ 3, ಡಾಟ್ 4 ಎಂಬ ಬ್ರೇಕ್ ಆಯಿಲುಗಳು ವಾಯುವಿನಲ್ಲಿರುವ ತೇವವನ್ನು ಹೀರುವ ಸ್ವಭಾವದವು. ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೆ ಕೊರತೆಯೆಲ್ಲಿಯದು? ಹೀರಿದ ನೀರು ಸಿಲಿಂಡರಿನ ಒಳಗೋಡೆಗೆ ತುಕ್ಕು ಹಿಡಿಸುವುದು. ಒರಟಾದ ಗೋಡೆಯ ಮೇಲೆ ಓಡಾಡಿ ರಬ್ಬರ್ ಕಪ್ಪು ಹರಿಯುವುದು. 1923ರಿಂದ ಕಬ್ಬಿಣದ ಕುಲುಮೆಯನ್ನು ಕಂಡ ಭದ್ರಾವತಿಯ ಜನರಿಗೆ ತುಕ್ಕಿನ ಪ್ರತಾಪವನ್ನು ನಾನು ತಿಳಿಸಬೇಕಾಗಿಲ್ಲ. ಆದುದರಿಂದ ಎರಡು ವರ್ಷಕ್ಕೊಮ್ಮೆ ಹಳೆಯ ಆಯಿಲನ್ನು ಪೂರ್ತಿ ತೆಗೆದು ಹೊಸದನ್ನು ತುಂಬಿಸತಕ್ಕದ್ದು. ಸಿಲಿಂಡರಿನ ಗೋಡೆಯಲ್ಲಿ ತುಕ್ಕಿನ ಗುಳಿಗಳು ಬಿದ್ದಿದ್ದರೆ ಕಪ್ಪುಗಳನ್ನು ಮಾತ್ರ ಬದಲಿಸಿ ಫಲವಿಲ್ಲ, ಸಿಲಿಂಡರನ್ನೇ ಬದಲಿಸಬೇಕು.

ಗಾಳಿ ತೆಗೆಯುವ ಕೆಲಸಕ್ಕೆ ಇಬ್ಬರು ಸಾಕು. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಜಾತಿಯ ಹೊಸ ಆಯಿಲನ್ನು ತುಂಬಿ, ಸ್ಲೇವ್ ಸಿಲಿಂಡರಿನ ಸ್ಕ್ರೂವಿಗೆ ಪಾರದರ್ಶಕವಾದ ಕೊಳವೆಯನ್ನು ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಆಯಿಲಿರುವ ಬಾಟಲಿಯಲ್ಲಿ ಮುಳುಗಿಸಬೇಕು. ಮೇಲಿನವರು ಪೆಡಲನ್ನು ಮೆಲ್ಲನೆ ಒತ್ತಿ ಹಿಡಿದು “ಒತ್ತಿದೆ” ಎನ್ನಲಿ. ಕೆಳಗಿನವರು ಸ್ಕ್ರೂವನ್ನು ಕಾಲು ಸುತ್ತು ಬಿಚ್ಚಿ, ಗುಳ್ಳೆಗಳು ಹೊರಟ ಬಳಿಕ ಬಿಗಿದು “ಮುಚ್ಚಿದೆ” ಎನ್ನಲಿ. ಆ ಮಾತು ಕೇಳಿದ ಮೇಲೆಯೇ ಕಾಲನ್ನು ಎತ್ತತಕ್ಕದ್ದು. ಮೊದಲೇ ಎತ್ತಿದರೆ ಹೊರಟ ಗಾಳಿ ಮರಳಿ ಒಳಹೊಗುವುದು. ಗುಳ್ಳೆಗಳು ನಿಲ್ಲುವವರೆಗೆ ಹೀಗೆಯೇ ಮಾಡುತ್ತ, ಡಬ್ಬಿಯು ಬರಿದಾಗದಂತೆ ನೋಡಿಕೊಳ್ಳಬೇಕು. ಹೊರಬಂದ ಆಯಿಲನ್ನು ಮತ್ತೆ ತುಂಬಿಸಲಾಗದು.

ಕೆಲವು ನಿಷೇಧಗಳು: ಎಂಜಿನ್ ಆಯಿಲನ್ನು ಈ ಡಬ್ಬಿಗೆ ಹಾಕಲೇಕೂಡದು, ರಬ್ಬರಿನ ಭಾಗಗಳನ್ನು ಪೆಟ್ರೋಲು, ಸೀಮೆಎಣ್ಣೆಗಳಿಂದ ತೊಳೆಯಕೂಡದು, ಅವು ಊದಿ ಕೆಡುವುವು. ಬ್ರೇಕ್ ಆಯಿಲು ಕಾರಿನ ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುವುದು, ಕೂಡಲೆ ನೀರಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದರೂ ಹೇರಳವಾದ ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಬೇಕು. ಬರಿಯ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಎಂದಿಗೂ ನುಸುಳಕೂಡದು.

ಇಷ್ಟನ್ನು ತಿಳಿದ ಮಾತ್ರಕ್ಕೆ ನಾವು ಮೇಸ್ತ್ರಿಗಳಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಹೋದಾಗ “ಕ್ಲಚ್ಚು ಕೆಟ್ಟಿದೆ” ಎನ್ನುವುದಕ್ಕೆ ಬದಲಾಗಿ “ಪೆಡಲು ಒತ್ತಿ ಹಿಡಿದರೆ ಇಳಿಯುತ್ತದೆ, ಹೊರಗೆ ಸೋರಿಕೆ ಕಾಣಲಿಲ್ಲ” ಎನ್ನಬಲ್ಲವನಿಗೆ ಮೇಸ್ತ್ರಿಯೂ ಆದರದಿಂದ ಉತ್ತರ ಕೊಡುವನು. ರೋಗಲಕ್ಷಣವನ್ನು ಸರಿಯಾಗಿ ಹೇಳಬಲ್ಲ ರೋಗಿಯಿಂದ ವೈದ್ಯನ ಕೆಲಸವು ಅರ್ಧಕ್ಕರ್ಧ ಹಗುರವಾಗುವುದಷ್ಟೆ. ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರ ಡಬ್ಬಿಯ ಮುಚ್ಚಳವನ್ನು ತೆರೆದು ನೋಡಿರಿ. ಆಯಿಲು ತಿಳಿಯಾಗಿಲ್ಲದೆ ಕಪ್ಪಾಗಿದ್ದರೆ, ಘಾಟಿ ಇಳಿಯುವ ಪ್ರಯಾಣವನ್ನು ಮುಂದೂಡಿ ಮೊದಲು ಚಿಕಿತ್ಸೆಯನ್ನು ಮಾಡಿಸಿರಿ.